ಕ್ಯಾಸೆಟ್ ಬಾಯಿಗೆ ಫೋನಿನ ಹಾಡು

(ಕಾರಿನ ಡೆಕ್ ಒಳಗೆ ಕ್ಯಾಸೆಟ್ ಇಳಿಯುವ ಸದ್ದು)

ಈಗ ಕೇಳಿದ್ರಲ್ಲ, ಆ ‘ಕ್ಲಕ್’ ಸದ್ದು, ಅದು ನಮ್ಮ ಅಪ್ಪನ ಕಾರಿನದು. ಕಾರಿನ ಆರ್‌ಸಿಗೆ 15 ವರ್ಷ ತುಂಬಿ, ರಿನ್ಯೂವಲ್ ಕೂಡ ಆಗಿದೆ. ಎಂಜಿನ್ ಗಟ್ಟಿ, ಎಸಿ ಪರವಾಗಿಲ್ಲ. ಸ್ಟೀರಿಯೊ ಮಾತ್ರ ಕ್ಯಾಸೆಟ್ ಕಾಲದಲ್ಲೇ ನಿಂತುಬಿಟ್ಟಿದೆ.

ಕಳೆದ ತಿಂಗಳು ಅದೇ ಕಾರಲ್ಲಿ ಅಪ್ಪ, ನಾನು ಊರಿಗೆ ಹೊರಟಿದ್ವಿ. ತುಮಕೂರು ರಸ್ತೆ, ಬೆಳಗ್ಗೆ ಆರೂವರೆ. ನಾನು ಈ ಪಾಡ್‌ಕಾಸ್ಟ್ ಶುರು ಮಾಡಿ ಎರಡು ವರ್ಷ ಆಗಿದ್ರೂ ಅಪ್ಪ ಒಂದು ಸಂಚಿಕೆಯನ್ನೂ ಪೂರ್ತಿ ಕೇಳಿರಲಿಲ್ಲ. ಕಿವಿಗೆ ಏನನ್ನೋ ಸಿಕ್ಕಿಸ್ಕೊಂಡು ಕೂರೋದು ಅವರಿಗೆ ಆಗಲ್ಲ. ಸರಿ, ಕಾರಲ್ಲೇ ಕೇಳಿಸ್ತೀನಿ ಅಂತ ನಾನು ತಯಾರಾಗಿ ಬಂದಿದ್ದೆ. ನನ್ನ ಫೋನಿಗೆ ಹೆಡ್‌ಫೋನ್ ಜ್ಯಾಕ್ ಇಲ್ಲ. ಹಾಗಾಗಿ ಮೊದಲು ಒಂದು ಟೈಪ್-ಸಿ ಡಾಂಗಲ್. ಆ ಡಾಂಗಲ್‌ಗೆ ಒಂದು ವೈರು. ಆ ವೈರಿನ ತುದಿಗೆ ಕ್ಯಾಸೆಟ್ ಥರಾನೇ ಇರೋ, ಆದ್ರೆ ಒಳಗೆ ಟೇಪೇ ಇಲ್ಲದ ಒಂದು ಪ್ಲಾಸ್ಟಿಕ್ ಡಬ್ಬಿ. ಅದನ್ನ ಡೆಕ್ ಬಾಯಿಗೆ ತುರುಕಿದೆ.

‘ಏನೋ ಇದು, ಕ್ಯಾಸೆಟ್ಟಿಗೆ ಬಾಲ?’ ಅಂದ್ರು ಅಪ್ಪ.

ಆ ಬಾಲದ ಕಥೆಯೇ ಇವತ್ತಿನ ಸಂಚಿಕೆ. ಜೇಬಲ್ಲಿ ಇರೋ ಹಾಡನ್ನ ಕಾರಿನ ಸ್ಪೀಕರಿಗೆ ತಲುಪಿಸೋಕೆ ಜನ ಏನೇನು ಉಪಾಯ ಮಾಡಿದ್ರು ಅನ್ನೋ ಇತಿಹಾಸ. ಕೇಳೋಕೆ ಚಿಕ್ಕ ವಿಷಯ ಅನ್ನಿಸಬಹುದು. ಆದ್ರೆ ಇದರೊಳಗೆ ಒಂದು ದೊಡ್ಡ ಪ್ರಶ್ನೆ ಇದೆ: ನೀವು ದುಡ್ಡು ಕೊಟ್ಟು ಕೊಂಡ ಕಾರಿನ ಸ್ಪೀಕರ್ ಬಾಗಿಲನ್ನ ಯಾರು ತೆಗೀಬೇಕು, ಯಾರು ಮುಚ್ಚಬೇಕು?

ಸವಕಳಿ ಲೆಕ್ಕ

ನಾನು ಬಿ.ಕಾಂ. ಓದಿದವನು. ಹಾಗಾಗಿ ನನಗೆ ಈ ಕಥೆ ಸವಕಳಿಯಿಂದ ಶುರುವಾಗತ್ತೆ. ಸವಕಳಿ ಅಂದ್ರೆ ಡಿಪ್ರಿಸಿಯೇಷನ್. ನಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ, ಸ್ವಂತ ವ್ಯವಹಾರಕ್ಕೆ ಬಳಸೋ ಕಾರಿನ ಬೆಲೆಯನ್ನ ವರ್ಷಕ್ಕೆ ಶೇ. 15ರಂತೆ ಇಳಿಸ್ತಾರೆ. ಕಂಪ್ಯೂಟರಿಗೆ ಶೇ. 40. ಎರಡಕ್ಕೂ ಇವತ್ತು 100 ರೂಪಾಯಿ ಅಂತ ಇಟ್ಕೊಳ್ಳಿ. ಐದು ವರ್ಷ ಆದ್ಮೇಲೆ ಪುಸ್ತಕದಲ್ಲಿ ಕಾರಿಗೆ ಇನ್ನೂ ಸುಮಾರು 44 ರೂಪಾಯಿ ಬೆಲೆ ಇರತ್ತೆ. ಕಂಪ್ಯೂಟರಿಗೆ ಎಂಟು ರೂಪಾಯಿಯೂ ಇರಲ್ಲ.

ಈ ವಿಷಯದ ಮೂಲ ತಾಪತ್ರಯ ಇಲ್ಲೇ ಇದೆ. ಕಾರು ನಿಧಾನಕ್ಕೆ ಹಳೇದಾಗತ್ತೆ, ಹಾಡು ಕೇಳೋ ಯಂತ್ರ ಬೇಗ ಹಳೇದಾಗತ್ತೆ. ಕಾರು ಒಂದೇ ಇರತ್ತೆ, ಅಷ್ಟರಲ್ಲಿ ವಾಕ್‌ಮನ್ ಹೋಗಿ ಎಂಪಿ3 ಪ್ಲೇಯರ್ ಬಂದು, ಅದೂ ಹೋಗಿ ಫೋನ್ ಬಂದಿರತ್ತೆ. ಒಂದರ ಭಾಷೆ ಇನ್ನೊಂದಕ್ಕೆ ಗೊತ್ತಿಲ್ಲ. ಮಧ್ಯೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯನ್ನೇ ನಾವು ಅಡಾಪ್ಟರ್ ಅಂತೀವಿ.

ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬಂದ ಪಿನ್ನು

ಮೊದಲು ಪಿನ್ನಿನ ಕಥೆ. ಹೆಡ್‌ಫೋನ್ ಪಿನ್ನು ವಾಕ್‌ಮನ್ ಜೊತೆ ಹುಟ್ಟಿದ್ದು ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ. ಅದರ ಮುತ್ತಜ್ಜ 1878ರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಿಗ್ತಾನೆ. ಹಳೇ ಸಿನಿಮಾದಲ್ಲಿ ನೋಡಿರ್ತೀರಿ, ಆಪರೇಟರ್ ಒಬ್ಬರು ಬೋರ್ಡಿನ ಮುಂದೆ ಕೂತು ಒಂದು ತೂತಿಂದ ವೈರು ಕಿತ್ತು ಇನ್ನೊಂದಕ್ಕೆ ಚುಚ್ಚೋದನ್ನ. ಆ ಸ್ವಿಚ್‌ಬೋರ್ಡಿಗೆ ಚಾರ್ಲ್ಸ್ ಸ್ಕ್ರಿಬ್ನರ್ ಅನ್ನೋ ಅಮೆರಿಕದ ಎಂಜಿನಿಯರ್ ಮಾಡಿದ ಸ್ವಿಚ್ಚು, ಮಡಚೋ ಚಾಕು ಥರ ಇತ್ತು. ಮಡಚೋ ಚಾಕುವಿಗೆ ಅಲ್ಲಿ ಜ್ಯಾಕ್-ನೈಫ್ ಅಂತಾರೆ. ಚಾಕು ಹೋಯ್ತು, ‘ಜ್ಯಾಕ್’ ಅನ್ನೋ ಹೆಸರು ಉಳೀತು.

ಆ ಪಿನ್ನಿನ ದಪ್ಪ ಕಾಲು ಇಂಚು, ಅಂದ್ರೆ 6.35 ಮಿ.ಮೀ. ಇವತ್ತಿಗೂ ಎಲೆಕ್ಟ್ರಿಕ್ ಗಿಟಾರಿಗೆ, ಆರ್ಕೆಸ್ಟ್ರಾದವರ ಕೀಬೋರ್ಡಿಗೆ ಹಾಕೋದು ಅದೇ ಪಿನ್ನು. ಟ್ರಾನ್ಸಿಸ್ಟರ್ ರೇಡಿಯೊ ಕಾಲಕ್ಕೆ ಅದು ಸಣ್ಣಗಾಗಿ 3.5 ಮಿ.ಮೀ. ಆಯ್ತು. 1979ರ ಜುಲೈನಲ್ಲಿ ಸೋನಿ ವಾಕ್‌ಮನ್ ಬಂದ್ಮೇಲೆ ಆ ಸಣ್ಣ ಪಿನ್ನು ಜಗತ್ತಿನ ಜೇಬು ಸೇರ್ತು.

ಮೊದಲ ವಾಕ್‌ಮನ್‌ನಲ್ಲಿ ಒಂದು ಮಜಾ ಇತ್ತು. ಅದಕ್ಕೆ ಎರಡು ಜ್ಯಾಕ್. ಒಬ್ಬರೇ ಕಿವಿ ಮುಚ್ಕೊಂಡು ಹಾಡು ಕೇಳೋದು ಪಕ್ಕದಲ್ಲಿರೋರಿಗೆ ಅಗೌರವ ಅನ್ನಿಸಬಹುದು ಅಂತ ಸೋನಿಯ ಅಕಿಯೊ ಮೊರಿಟಾಗೆ ಅನುಮಾನ ಇತ್ತು. ಅದಕ್ಕೇ ಇಬ್ಬರು ಕೇಳೋ ವ್ಯವಸ್ಥೆ. ಜನ ತಲೆ ಕೆಡಿಸ್ಕೊಳ್ಳಲಿಲ್ಲ, ಒಬ್ಬೊಬ್ಬರೇ ಕೇಳಿದ್ರು. ಒಬ್ಬರ ಕಿವಿಗೆ ಅಂತ ಹುಟ್ಟಿದ ಹಾಡನ್ನ ಮತ್ತೆ ನಾಲ್ಕು ಜನಕ್ಕೆ ಕೇಳಿಸೋ ಜಾಗ ಅಂದ್ರೆ ಕಾರು.

ಕಾರಿನೊಳಗೆ ಏನಿತ್ತು?

ಈಗ ಕಾರಿನ ಕಡೆ ಬರೋಣ. 1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ಅವರ ಕಂಪನಿ ಕಾರ್ ರೇಡಿಯೊ ಮಾರೋಕೆ ಶುರು ಮಾಡ್ತು. ಅದಕ್ಕೆ ಇಟ್ಟ ಹೆಸರು ಮೋಟರೋಲಾ. ಮುಂದೆ ಕಂಪನಿಯ ಹೆಸರೂ ಅದೇ ಆಯ್ತು. ನಿಮ್ಮಲ್ಲಿ ಕೆಲವರ ಫೋನಿನ ಬೆನ್ನ ಮೇಲಿರೋ ಹೆಸರಿನಲ್ಲಿ ‘ಮೋಟಾರ್’ ಇರೋದು ಅದಕ್ಕೇ.

ರೇಡಿಯೊದಲ್ಲಿ ಅವರು ಹಾಕಿದ ಹಾಡನ್ನೇ ಕೇಳ್ಬೇಕು. ನಮಗೆ ಬೇಕಾದ್ದು ಬೇಕು ಅಂದ್ರೆ? 1956ರಲ್ಲಿ ಕ್ರೈಸ್ಲರ್ ಕಂಪನಿ ಡ್ಯಾಶ್‌ಬೋರ್ಡ್ ಕೆಳಗೆ ಗ್ರಾಮಫೋನ್ ಕೂರಿಸ್ತು! ತಮಾಷೆ ಅಲ್ಲ, ನಿಜ. ಹೈವೇ ಹೈ-ಫೈ ಅಂತ ಹೆಸರು. ಅದಕ್ಕೆ ನಿಧಾನವಾಗಿ ತಿರುಗೋ ಬೇರೆಯದೇ ರೆಕಾರ್ಡ್ ಬೇಕಿತ್ತು. ಮನೇಲಿದ್ದ ಮಾಮೂಲಿ ರೆಕಾರ್ಡ್ ನಡೀತಿರಲಿಲ್ಲ. ಅದು ಬೇಗ ಮುಚ್ಚಿಹೋಯ್ತು. ಆಮೇಲೆ 1965ರಲ್ಲಿ ಫೋರ್ಡ್ ತನ್ನ ಹೊಸ ಕಾರುಗಳಿಗೆ 8-ಟ್ರ್ಯಾಕ್ ಟೇಪ್ ಪ್ಲೇಯರ್ ಕೊಟ್ತು. ಅದು ಅಮೆರಿಕದಲ್ಲಿ ಒಂದಷ್ಟು ಕಾಲ ಚೆನ್ನಾಗಿ ಓಡ್ತು.

ಗೆದ್ದಿದ್ದು ಮಾತ್ರ ಮೂರನೆಯದು. 1963ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ ಮೇಳದಲ್ಲಿ ತೋರಿಸಿದ ಕಾಂಪ್ಯಾಕ್ಟ್ ಕ್ಯಾಸೆಟ್. ಅದನ್ನ ರೂಪಿಸಿದ ತಂಡದ ನಾಯಕ ಲೂ ಓಟೆನ್ಸ್. ಫಿಲಿಪ್ಸ್ ಒಂದು ದೊಡ್ಡ ತೀರ್ಮಾನ ತಗೊಳ್ತು: ಅಳತೆ, ನಿಯಮ ಪಾಲಿಸಿದ್ರೆ ಸಾಕು, ಯಾವ ಕಂಪನಿ ಬೇಕಾದ್ರೂ ರಾಯಲ್ಟಿ ಕೊಡದೆ ಕ್ಯಾಸೆಟ್ ಮಾಡಬಹುದು. ಹಾಗಾಗಿ ಜಪಾನಿನಲ್ಲಿ ಮಾಡಿದ ಕ್ಯಾಸೆಟ್ಟು ಜರ್ಮನಿಯ ಡೆಕ್ಕಿಗೂ ಹೋಗ್ತಿತ್ತು, ನಮ್ಮ ಚಿಕ್ಕಪೇಟೆಯಲ್ಲಿ ಕೊಂಡಿದ್ದಕ್ಕೂ ಹೋಗ್ತಿತ್ತು.

ನಮ್ಮಲ್ಲಿ ಅದರ ಪರಿಣಾಮ ಎಷ್ಟಿತ್ತು ಅನ್ನೋಕೆ ಒಂದೇ ಉದಾಹರಣೆ ಸಾಕು. 1978ರಲ್ಲಿ ಕವಿ ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಕನ್ನಡ ಭಾವಗೀತೆ ಕ್ಯಾಸೆಟ್ ರೂಪದಲ್ಲಿ ಬಂದದ್ದು ಅದೇ ಮೊದಲು ಅಂತಾರೆ. ಸಿನಿಮಾ ಇಲ್ಲದೆ, ರೇಡಿಯೊ ಟೈಮಿಗೆ ಕಾಯದೆ, ಕವಿತೆಯೊಂದು ಮನೆಗೆ ಬಂತು, ಆಮೇಲೆ ಕಾರಿಗೂ ಹತ್ತಿತು.

ಡೆಕ್ಕಿಗೆ ಟೋಪಿ ಹಾಕಿದ ಡಬ್ಬಿ

1982ರಲ್ಲಿ ಸಿಡಿ ಬಂತು. 1984ರಲ್ಲಿ ಸೋನಿ, ಕೈಯಲ್ಲಿ ಹಿಡ್ಕೊಂಡು ಹೋಗೋ ಸಿಡಿ ಪ್ಲೇಯರ್ ತಂತು. ಆದ್ರೆ ರಸ್ತೆಲಿದ್ದ ಕಾರುಗಳಲ್ಲಿ ಇದ್ದಿದ್ದು ಕ್ಯಾಸೆಟ್ ಡೆಕ್. ಡೆಕ್ಕಿಗೆ ಪಿನ್ನು ಚುಚ್ಚೋ ಜಾಗವೇ ಇಲ್ಲ. ಅಲ್ಲಿ ಇರೋದು ಒಂದೇ ಬಾಯಿ, ಅದು ತಿನ್ನೋದು ಕ್ಯಾಸೆಟ್ ಮಾತ್ರ.

ಆಗ ಹುಟ್ಟಿದ್ದು ಈ ಬಾಲದ ಕ್ಯಾಸೆಟ್. ಲ್ಯಾರಿ ಶಾಟ್ಜ್ ಅನ್ನೋ ಅಮೆರಿಕದ ಎಂಜಿನಿಯರ್ 1980ರ ದಶಕದಲ್ಲಿ ಇದನ್ನ ಮಾಡಿದ್ದು ಅಂತ ಹೆಸರಾಗಿದೆ. ಇದು ಕೆಲಸ ಮಾಡೋ ರೀತಿ ಕೇಳಿದ್ರೆ ನಿಮಗೂ ಖುಷಿ ಆಗತ್ತೆ.

ಮಾಮೂಲಿ ಕ್ಯಾಸೆಟ್ಟಲ್ಲಿ ಹಾಡು ಇರೋದು ಟೇಪಿನ ಮೇಲೆ, ಕಾಂತದ ಗುರುತುಗಳಾಗಿ. ಟೇಪು ಓಡ್ತಾ ಡೆಕ್ಕಿನ ‘ಹೆಡ್’ ಮುಂದೆ ಹಾದುಹೋದಾಗ ಆ ಕಾಂತ ಏರಿಳಿಯತ್ತೆ. ಹೆಡ್ಡಿನೊಳಗೆ ಸಣ್ಣ ವಿದ್ಯುತ್ತು ಹುಟ್ಟತ್ತೆ. ಆಂಪ್ಲಿಫೈಯರ್ ಅದನ್ನ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸತ್ತೆ. ಈಗ ನೋಡಿ, ಹೆಡ್ಡಿಗೆ ಬೇಕಿರೋದು ಟೇಪು ಅಲ್ಲ, ಏರಿಳಿಯೋ ಕಾಂತ ಅಷ್ಟೇ! ಹಾಗಾದ್ರೆ ಟೇಪ್ ಇರೋ ಜಾಗದಲ್ಲಿ ಇನ್ನೊಂದು ಹೆಡ್ ಇಟ್ಟು, ಅದಕ್ಕೆ ಸಿಡಿ ಪ್ಲೇಯರಿನ ವಿದ್ಯುತ್ತು ಕೊಟ್ರೆ? ಆ ಹೆಡ್ ಕಾಂತವಾಗಿ ಹಾಡತ್ತೆ, ಎದುರಿನ ಹೆಡ್ ಕೇಳಿಸ್ಕೊಳತ್ತೆ. ಎರಡು ಹೆಡ್ ಮುಖಾಮುಖಿ ಕೂತು ಪಿಸುಮಾತಾಡಿದ ಹಾಗೆ.

ಇನ್ನೊಂದು ಕಷ್ಟ ಇತ್ತು. ಎಷ್ಟೋ ಡೆಕ್ಕುಗಳು ಚಕ್ರ ತಿರುಗ್ತಾ ಇಲ್ಲ ಅಂದ್ರೆ ‘ಟೇಪು ಮುಗೀತು’ ಅಂದ್ಕೊಂಡು ನಿಂತುಬಿಡ್ತವೆ, ಇಲ್ಲಾ ಸೈಡ್ ಬದಲಾಯಿಸ್ತವೆ. ಅದಕ್ಕೇ ಡಬ್ಬಿಯೊಳಗೆ ಸಣ್ಣ ಹಲ್ಲಿನ ಗಾಲಿಗಳನ್ನ ಕೂರಿಸಿರ್ತಾರೆ. ಇಲ್ಲದ ಟೇಪನ್ನ ಸುತ್ತೋ ನಾಟಕ ಆಡೋಕೆ. ಅಪ್ಪನ ಕಾರಲ್ಲಿ ಹಾಡಿನ ಹಿಂದೆ ‘ಟಿಕ್ ಟಿಕ್ ಟಿಕ್’ ಅಂತ ಸಣ್ಣಗೆ ಕೇಳೋದು ಆ ಗಾಲಿಗಳೇ.

ಇದಕ್ಕೆ ಕಾರ್ ಕಂಪನಿಯ ಒಪ್ಪಿಗೆ ಬೇಕಿರಲಿಲ್ಲ. ಡೆಕ್ ಮಾಡಿದವರಿಗೆ ಇದು ಗೊತ್ತೇ ಇರಬೇಕಾಗಿಲ್ಲ. ಕ್ಯಾಸೆಟ್ಟಿನ ಅಳತೆ ಜಗತ್ತಿಗೆಲ್ಲ ಒಂದೇ, ಆ ಅಳತೆಗೆ ಡಬ್ಬಿ ಮಾಡಿದ್ರೆ ಮುಗೀತು. 1963ರ ಬಾಗಿಲು, ಅದನ್ನ ಮಾಡಿದವರು ಊಹಿಸದ ಅತಿಥಿಗೂ ತೆರ್ಕೊಳ್ತು.

ಸ್ವಂತ ಎಫ್‌ಎಂ ಸ್ಟೇಷನ್, ಎರಡು ಮೀಟರ್ ದೂರಕ್ಕೆ

2001ರ ಅಕ್ಟೋಬರಿನಲ್ಲಿ ಆ್ಯಪಲ್ ಐಪಾಡ್ ಬಂತು. 5 ಜಿಬಿ, ಸಾವಿರ ಹಾಡು, ಬೆಲೆ 399 ಡಾಲರ್. ಸಾವಿರ ಹಾಡು ಜೇಬಲ್ಲಿ. ಕಾರಲ್ಲಿ? ಅದೇ ಹಳೇ ಕಥೆ. ಕ್ಯಾಸೆಟ್ ಡೆಕ್ ಇದ್ದವರು ಬಾಲದ ಕ್ಯಾಸೆಟ್ ಹಾಕಿದ್ರು. ಕಾರಲ್ಲಿ ಸಿಡಿ ಪ್ಲೇಯರ್ ಮಾತ್ರ ಇದ್ದವರಿಗೆ ಅದೂ ಇಲ್ಲ. ಆದ್ರೆ ರೇಡಿಯೊ ಎಲ್ಲರ ಹತ್ರ ಇತ್ತು. ಹಾಗಾಗಿ ಎಫ್‌ಎಂ ಟ್ರಾನ್ಸ್‌ಮಿಟರ್.

ಇದೊಂದು ಚೋಟುದ್ದದ ರೇಡಿಯೊ ಸ್ಟೇಷನ್. ಖಾಲಿ ಇರೋ ಒಂದು ನಂಬರಿನಲ್ಲಿ ಹಾಡನ್ನ ಪ್ರಸಾರ ಮಾಡತ್ತೆ, ಕಾರ್ ರೇಡಿಯೊವನ್ನ ಅದೇ ನಂಬರಿಗೆ ತಿರುಗಿಸಿದ್ರೆ ಆಯ್ತು. ಆದ್ರೆ ಪ್ರಸಾರ ಅಂದ ಕೂಡಲೇ ಸರ್ಕಾರ ಬರತ್ತೆ. ಬ್ರಿಟನ್ನಿನಲ್ಲಿ 1949ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಪ್ರಕಾರ ಇದು ಕಾನೂನುಬಾಹಿರ ಆಗಿತ್ತು. ಐಪಾಡ್ ಹಾಡನ್ನ ಸ್ವಂತ ಕಾರಿನ ರೇಡಿಯೊಗೆ ಕಳಿಸಿದವರೂ ಲೆಕ್ಕದಲ್ಲಿ ಪೈರೇಟ್ ರೇಡಿಯೊದವರೇ! 2006ರ ಡಿಸೆಂಬರಿನಲ್ಲಿ ಅಲ್ಲಿ ಅನುಮತಿ ಸಿಕ್ತು, ಅದೂ 50 ನ್ಯಾನೊವ್ಯಾಟ್ ಮೀರಬಾರದು ಅನ್ನೋ ಷರತ್ತಿನ ಮೇಲೆ. ಒಂದು ವ್ಯಾಟನ್ನ ನೂರು ಕೋಟಿ ಭಾಗ ಮಾಡಿ, ಅದರಲ್ಲಿ ಐವತ್ತು ಭಾಗ. ಅಷ್ಟೇ.

ಇಷ್ಟು ಬಡಕಲು ಸಿಗ್ನಲ್ ಆಗಿರೋದ್ರಿಂದಲೇ ಬೆಂಗಳೂರಲ್ಲಿ ಇದರ ಜೊತೆ ಒದ್ದಾಟ. ಎಫ್‌ಎಂ ರೇಡಿಯೊದ ಗುಣ ಏನಂದ್ರೆ, ಒಂದೇ ನಂಬರಿನಲ್ಲಿ ಎರಡು ಸಿಗ್ನಲ್ ಬಂದ್ರೆ ಅದು ಎರಡನ್ನೂ ಬೆರೆಸಲ್ಲ, ಜೋರಾಗಿರೋದನ್ನ ಮಾತ್ರ ಹಿಡ್ಕೊಳತ್ತೆ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ. ಆಮೇಲೆ ಸಾಲಾಗಿ ಬಂದ್ವು. 91.1, 91.9, 92.7, 93.5, 94.3, 98.3. ಜೊತೆಗೆ ಆಕಾಶವಾಣಿಯ 101.3, 102.9. ಖಾಲಿ ಜಾಗ ಹುಡುಕೋದು ಮೆಜೆಸ್ಟಿಕ್‌ನಲ್ಲಿ ಪಾರ್ಕಿಂಗ್ ಹುಡುಕಿದ ಹಾಗೆ. ಅದೇ ಸಿಟಿ ಬಿಟ್ಟು ದೂರ ಹೋಗ್ತಾ ಹೋಗ್ತಾ ಟ್ರಾನ್ಸ್‌ಮಿಟರಿನ ಹಾಡು ತಾನಾಗೇ ಸ್ಪಷ್ಟ ಆಗ್ತಿತ್ತು.

ನಮ್ಮ ಕಡೆ ಇದು ಐಪಾಡ್ ಜೊತೆ ಬರಲಿಲ್ಲ. ಐಪಾಡ್ ಎಷ್ಟು ಮನೆಯಲ್ಲಿತ್ತು ಹೇಳಿ? ಇಲ್ಲಿ ಬಂದಿದ್ದು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚೋ, ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್ ಹಾಕೋ ಅಗ್ಗದ ಟ್ರಾನ್ಸ್‌ಮಿಟರ್. ‘ಮುಂಗಾರು ಮಳೆ’ ಬಂದಿದ್ದು 2006ರ ಡಿಸೆಂಬರ್ ಕೊನೆಗೆ. ನಾನಾಗ ನಾಲ್ಕನೇ ಕ್ಲಾಸು. ನಮ್ಮ ಬೀದಿಯಲ್ಲಿ ಟೆಂಪೊ, ಟ್ಯಾಕ್ಸಿ ಎಲ್ಲದರಲ್ಲೂ ಅದೇ ಹಾಡು. ಮೊದಲು ಎಂಪಿ3 ಸಿಡಿಯಲ್ಲಿ, ಆಮೇಲೆ ಮೊಬೈಲ್ ಅಂಗಡಿಯಲ್ಲಿ ‘ಸಾಂಗ್ ಹಾಕಿಸ್ಕೊಂಡು’ ಬಂದ ಮೆಮೊರಿ ಕಾರ್ಡಿನಲ್ಲಿ. ಅದರಲ್ಲಿ ಮುಕ್ಕಾಲು ಪಾಲು ಕಳ್ಳ ಮಾಲು, ಸಂಗೀತ ಮಾಡಿದವರಿಗೆ ಒಂದು ಪೈಸೆ ಹೋಗಿಲ್ಲ. ಅದನ್ನ ಮರೆತು ಈ ಕಥೆ ಹೇಳಬಾರದು. ಬಾಗಿಲು ತೆರೆದಿದ್ರೆ ಒಳ್ಳೆಯವರಷ್ಟೇ ಬರಲ್ಲ.

ಆಕ್ಸ್: ಹತ್ತು ವರ್ಷದ ಸುಖ

ಆಮೇಲೆ ಬಂತು ನಮ್ಮ ವಯಸ್ಸಿನವರೆಲ್ಲ ಬಲ್ಲ ಆಕ್ಸ್. ಡ್ಯಾಶ್‌ಬೋರ್ಡಲ್ಲೇ ಒಂದು 3.5 ಮಿ.ಮೀ. ಜ್ಯಾಕ್. ಎರಡೂ ಕಡೆ ಪಿನ್ನಿರೋ ಒಂದು ವೈರ್ ಸಾಕು. ಪಿನ್ನಿನ ತುದಿ ಎಡಗಡೆ ಸದ್ದಿಗೆ, ನಡುವಿನ ಉಂಗುರ ಬಲಗಡೆಗೆ, ಬುಡ ಅರ್ಥಿಂಗಿಗೆ. ಪಾಸ್‌ವರ್ಡ್ ಇಲ್ಲ, ಪೇರಿಂಗ್ ಇಲ್ಲ. ಯಾವ ಫೋನ್, ಯಾವ ಕಂಪನಿ, ಯಾವ ವರ್ಷ ಅಂತ ಕೇಳಲ್ಲ.

ಕಾಟ ಇರಲಿಲ್ಲ ಅಂತಲ್ಲ. ಫೋನನ್ನ ಲೈಟರ್ ಸಾಕೆಟ್ಟಲ್ಲಿ ಚಾರ್ಜಿಗಿಟ್ಟು ಆಕ್ಸ್ ಕೂಡ ಹಾಕಿದ್ರೆ, ಸ್ಪೀಕರಲ್ಲಿ ‘ಕುಂಯ್’ ಅನ್ನೋ ಸದ್ದು ಬರ್ತಿತ್ತು, ನೆನಪಿದ್ಯಾ? ಆಕ್ಸಿಲರೇಟರ್ ಒತ್ತಿದ್ರೆ ಸದ್ದಿನ ಶ್ರುತಿಯೂ ಏರೋದು. ಚಾರ್ಜರ್ ಮೂಲಕ ಒಂದು ಅರ್ಥಿಂಗ್ ದಾರಿ, ಆಕ್ಸ್ ಮೂಲಕ ಇನ್ನೊಂದು. ಎರಡೂ ಸೇರಿ ಒಂದು ಸುತ್ತು ಆಗತ್ತೆ, ಕಾರಿನ ಆಲ್ಟರ್ನೇಟರಿನ ಗದ್ದಲ ಆ ಸುತ್ತಿನೊಳಗೆ ನುಗ್ಗತ್ತೆ. ಚಾರ್ಜರ್ ಕಿತ್ತರೆ ಸದ್ದು ಮಾಯ. ಹಾಡು ಬೇಕಾ, ಬ್ಯಾಟರಿ ಬೇಕಾ, ನೀವೇ ಆರಿಸ್ಕೊಳ್ಳಿ.

2016ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಐಫೋನ್ 7ರಿಂದ ಜ್ಯಾಕ್ ತೆಗೀತು. ವೇದಿಕೆ ಮೇಲೆ ಅದನ್ನ ‘ಧೈರ್ಯ’ ಅಂತ ಕರೆದ್ರು. ಆಮೇಲೆ ಒಬ್ಬೊಬ್ಬರೇ ಹಿಂದೆ ಹೋದ್ರು. ಕಾರುಗಳಲ್ಲಿ ಆಕ್ಸ್ ಇತ್ತು, ಫೋನಲ್ಲಿ ಇರಲಿಲ್ಲ. ಮತ್ತೆ ಡಾಂಗಲ್. ಸವಕಳಿ ಲೆಕ್ಕ ಮತ್ತೆ ನಿಜ ಆಯ್ತು.

ವೈರ್ ಹೋಯ್ತು, ಅನುಮತಿ ಬಂತು

ವೈರ್ ಬದಲು ಬ್ಲೂಟೂತ್ ಬಂತು. 1990ರ ದಶಕದಲ್ಲಿ ಎರಿಕ್ಸನ್ ಕಂಪನಿಯಲ್ಲಿ ಶುರುವಾದ ತಂತ್ರಜ್ಞಾನ. ಹೆಸರು ಹತ್ತನೇ ಶತಮಾನದ ಡೆನ್ಮಾರ್ಕ್ ರಾಜ ಹೆರಾಲ್ಡ್‌ನದು. ಚದುರಿದ್ದ ಜನರನ್ನ ಒಂದುಗೂಡಿಸಿದವನು ಅಂತ ಆ ಹೆಸರು. ಅದರ ಗುರುತಿನಲ್ಲಿ ಇರೋದು ಅವನ ಹೆಸರಿನ ಎರಡು ಪುರಾತನ ಅಕ್ಷರಗಳು. ಆದ್ರೆ ಮೊದಮೊದಲು ಎಷ್ಟೋ ಕಾರುಗಳ ಬ್ಲೂಟೂತ್ ಬರೀ ಫೋನ್ ಕರೆಗೆ ಇತ್ತು, ಹಾಡು ಬರ್ತಿರಲಿಲ್ಲ. ಸ್ಟೀರಿಯೊ ಹಾಡು ಕಳಿಸೋ ನಿಯಮ 2003ರಲ್ಲೇ ಬಂದಿತ್ತು. ಅದನ್ನ ಹಾಕಬೇಕಾ ಬೇಡವಾ ಅನ್ನೋದು ಕಾರಿನವರಿಗೆ ಬಿಟ್ಟ ವಿಷಯ.

ಇಲ್ಲಿಂದ ಕಥೆಯ ಧಾಟಿ ಬದಲಾಗತ್ತೆ ನೋಡಿ. ಕ್ಯಾಸೆಟ್ ಡೆಕ್, ರೇಡಿಯೊ, ಆಕ್ಸ್, ಈ ಮೂರೂ ಬಂದವರನ್ನ ‘ನೀನ್ಯಾರು’ ಅಂತ ಕೇಳ್ತಿರಲಿಲ್ಲ. ಬ್ಲೂಟೂತ್ ಕೇಳತ್ತೆ. 2014ರಲ್ಲಿ ಆ್ಯಪಲ್ ಕಾರ್‌ಪ್ಲೇ, ಅದರ ಬೆನ್ನಿಗೆ ಆಂಡ್ರಾಯ್ಡ್ ಆಟೊ ಬಂದ್ವು. ಇವು ಇನ್ನೂ ಜಾಸ್ತಿ ಕೇಳ್ತವೆ. ಅನುಕೂಲ ತುಂಬಾ ಇದೆ, ನಾನೇ ಗೆಳೆಯರ ಕಾರಲ್ಲಿ ಮ್ಯಾಪ್ ನೋಡ್ತಾ ಹಾಡು ಕೇಳ್ತಾ ಖುಷಿಯಾಗಿ ಹೋಗ್ತೀನಿ. ಆದ್ರೆ ಬಾಗಿಲಿಗೆ ಕಾವಲುಗಾರ ಬಂದ್ಮೇಲೆ ಅವನು ದುಡ್ಡು ಕೇಳೋ ದಿನವೂ ಬರತ್ತೆ. ಅಮೆರಿಕದಲ್ಲಿ ಬಿಎಂಡಬ್ಲ್ಯು ಕಂಪನಿ ಮೊದಲ ವರ್ಷ ಉಚಿತ ಕೊಟ್ಟು, ಆಮೇಲೆ ಕಾರ್‌ಪ್ಲೇಗೆ ವರ್ಷಕ್ಕೆ 80 ಡಾಲರ್ ಅಂತ ಇಟ್ಟಿತ್ತು. ಜನ ರೇಗಿದ್ರು, 2019ರ ಡಿಸೆಂಬರಿನಲ್ಲಿ ಅದನ್ನ ಕೈಬಿಟ್ತು. 2023ರಲ್ಲಿ ಜನರಲ್ ಮೋಟರ್ಸ್, ತನ್ನ ಮುಂದಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಇವೆರಡೂ ಇರಲ್ಲ, ನಮ್ಮದೇ ವ್ಯವಸ್ಥೆ ಇರತ್ತೆ ಅಂತ ಹೇಳ್ತು.

ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಮೊದಲು ಸ್ಟೀರಿಯೊ ಒಂದು ಆಸ್ತಿ. ಕೊಂಡ್ರೆ ಮುಗೀತು, ನಿಮ್ಮದು. ಈಗ ಅದು ನಿಧಾನಕ್ಕೆ ಬಾಡಿಗೆ ಆಗ್ತಿದೆ. ಕ್ಯಾಸೆಟ್ ಡೆಕ್ ಇಪ್ಪತ್ತು ವರ್ಷ ಆದ್ರೂ ಹೊಸ ಫೋನಿನ ಹಾಡು ಹಾಡ್ತಾ ಇದೆ, ಯಾಕಂದ್ರೆ ಅದು ಯಾರ ಸರ್ವರನ್ನೂ ಕೇಳಬೇಕಾಗಿಲ್ಲ. ಇವತ್ತು ಶೋರೂಮಿನಿಂದ ಹೊರಬರೋ ಟಚ್‌ಸ್ಕ್ರೀನ್ ಕಾರು, ಅದರ ಸಾಫ್ಟ್‌ವೇರ್ ಅಪ್‌ಡೇಟ್ ನಿಂತ ಮೇಲೆ, 2045ರ ಯಾವುದೋ ಯಂತ್ರದ ಜೊತೆ ಮಾತಾಡತ್ತಾ? ಆಕ್ಸ್ ಜ್ಯಾಕ್ ಒಂದು ಇದ್ರೆ ಮಾತಾಡತ್ತೆ. ಇಲ್ಲಾಂದ್ರೆ ಕಂಪನಿಯ ಮರ್ಜಿ.

ಸ್ಟೀರಿಯೊ ಅಂಗಡಿಯವರು ಅಪ್ಪನಿಗೆ ‘ಇದನ್ನ ಕಿತ್ತಾಕಿ ಸಾರ್, ಆಂಡ್ರಾಯ್ಡ್ ಸ್ಕ್ರೀನ್ ಹಾಕ್ಕೊಡ್ತೀನಿ’ ಅಂತ ಎರಡು ಸಲ ಹೇಳಿದ್ದಾರೆ. ನಾನೂ ಹಾಗೇ ಹೇಳ್ತಿದ್ದೆ. ಈಗ ಸುಮ್ಮನಾಗಿದ್ದೀನಿ. ಆ ದಿನ ಡಾಂಗಲ್, ವೈರು, ಡಬ್ಬಿ ಎಲ್ಲ ಸೇರಿ ನನ್ನ ದನಿ ಅಪ್ಪನ ಕಾರಿನ ನಾಲ್ಕು ಸ್ಪೀಕರಲ್ಲಿ ಬಂದಾಗ ಅವರು ವಾಲ್ಯೂಮ್ ಜಾಸ್ತಿ ಮಾಡಿದ್ರು. 2014ರ ಟೈಪ್-ಸಿ, 1878ರ ಜ್ಯಾಕಿನ ಮೊಮ್ಮಗ, 1963ರ ಕ್ಯಾಸೆಟ್ಟಿನ ಅಳತೆ, ಮೂರೂ ಒಂದೇ ಸಾಲಲ್ಲಿ ನಿಂತು ಕೆಲಸ ಮಾಡ್ತಿದ್ವು. ನೆಲಮಂಗಲ ಟೋಲ್ ದಾಟಿ, ದಾಬಸ್‌ಪೇಟೆ ದಾಟಿ, ಸಂಚಿಕೆ ಮುಗಿಯೋವರೆಗೂ ಅಪ್ಪ ಒಂದು ಮಾತೂ ಆಡಲಿಲ್ಲ. ಆಮೇಲೆ ಹೇಳಿದ್ರು:

‘ವಿಷಯ ಚೆನ್ನಾಗಿದೆ ಮಗಾ. ಆದ್ರೆ ಯಾರೋ ಅಟ್ಟಿಸ್ಕೊಂಡು ಬರ್ತಿರೋ ಹಾಗೆ ಮಾತಾಡ್ತೀಯ. ಸ್ವಲ್ಪ ನಿಧಾನ.’

ಇವತ್ತಿನ ಸಂಚಿಕೆ ನಿಮಗೆ ನಿಧಾನ ಅನ್ನಿಸಿದ್ರೆ ಕಾರಣ ಗೊತ್ತಾಯ್ತಲ್ಲ.

ಕೊನೆಗೆ ಎರಡು ಮಾತು. ಒಂದು, ಮನೇಲಿ ಹಳೇ ಆಕ್ಸ್ ವೈರು, ಕ್ಯಾಸೆಟ್ ಅಡಾಪ್ಟರ್ ಇದ್ರೆ ಬಿಸಾಕಬೇಡಿ. ಎರಡು, ಹೊಸದೋ ಹಳೇದೋ, ಕಾರು ನೋಡೋಕೆ ಹೋದಾಗ ಮೈಲೇಜ್ ಕೇಳಿದ ಮೇಲೆ ಇದನ್ನೂ ಕೇಳಿ: ‘ನನ್ನ ಫೋನ್ ಬದಲಾದ್ರೆ ಇದರಲ್ಲಿ ಹಾಡು ಹೇಗೆ ಬರತ್ತೆ?’ ಉತ್ತರದಲ್ಲಿ ಕಂಪನಿಯ ಆ್ಯಪ್ ಒಂದನ್ನೇ ಹೇಳಿದ್ರೆ, ಆ ಆ್ಯಪ್ ಎಷ್ಟು ವರ್ಷ ನಡೆಯತ್ತೆ ಅಂತಲೂ ಕೇಳಿ.

ನಿಮ್ಮ ಮನೆ ಕಾರಲ್ಲಿ ಹಾಡು ಹೇಗೆ ಬರ್ತಿತ್ತು, ಈಗ ಹೇಗೆ ಬರತ್ತೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ಸಲ ಕೆಲವನ್ನ ಇಲ್ಲೇ ಕೇಳಿಸ್ತೀನಿ. ಅಲ್ಲಿವರೆಗೆ, ನಮಸ್ಕಾರ.

(ಕ್ಯಾಸೆಟ್ ಹೊರಬರುವ ಸದ್ದು)